ಅಂಗೈಯಗಲದ ತಟ್ಟೆ, ಐದು ಕಿಲೋಮೀಟರ್ ದಾರಿ

ಧಾರವಾಡಕ್ಕೂ ಹುಬ್ಬಳ್ಳಿಗೂ ನಡುವೆ ಇರುವುದು ಸುಮಾರು 20 ಕಿಲೋಮೀಟರ್. 1962ರಲ್ಲಿ ಎರಡೂ ಊರುಗಳಿಗೆ ಸೇರಿ ಒಂದೇ ಮಹಾನಗರ ಪಾಲಿಕೆಯಾಯಿತು. ಹಾಗಿದ್ದರೂ ಧಾರವಾಡದವರು ಇಂದಿಗೂ ‘ಹುಬ್ಬಳ್ಳಿಗೆ ಹೋಗಿ ಬರ್ತೇವಿ’ ಎಂದೇ ಹೇಳುತ್ತಾರೆ. ಪರ ಊರಿಗೆ ಹೊರಟವರಂತೆ ಕೈಯಲ್ಲೊಂದು ಚೀಲ ಹಿಡಿಯುತ್ತಾರೆ. ಓದು ಬರಹ, ಹಾಡು, ಮಳೆ, ಪೇಢೆ ಧಾರವಾಡದ ಪಾಲಿಗೆ; ಪೇಟೆ, ವ್ಯಾಪಾರ, ರೈಲು, ರಿಪೇರಿ ಹುಬ್ಬಳ್ಳಿಯ ಪಾಲಿಗೆ. ಇಂಥ ಹಂಚಿಕೆಯನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಎಲ್ಲರೂ ಒಪ್ಪಿಕೊಂಡಿದ್ದಾರೆ. ಧಾರವಾಡದಲ್ಲಿ ಕೆಟ್ಟದ್ದು ಹುಬ್ಬಳ್ಳಿಯಲ್ಲಿ ಸರಿಹೋಗುತ್ತದೆ ಎಂಬ ನಂಬಿಕೆ ಹಳೆಯದು.

ಅಂಥದೇ ನಂಬಿಕೆಯಿಂದ ಒಂದು ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ಬಂದ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ತಂದೆಯ ಜೊತೆ ಜುಬಿಲಿ ವೃತ್ತದ ಬಳಿ ಚಿಗರಿ ಬಸ್ಸು ಹತ್ತಿದಳು. ಅವಳ ಕೈಚೀಲದಲ್ಲಿ ಒಂದು ಹಳೆಯ ಪ್ಲಾಸ್ಟಿಕ್ ಡಬ್ಬಿ. ಅದರೊಳಗೆ ಎರಡು ವಿಸಿಡಿಗಳು. 2004ರಲ್ಲಿ ನಡೆದ ಅವಳ ತಂದೆ-ತಾಯಿಯ ಮದುವೆಯ ಚಿತ್ರಣ ಅದು. ಡಬ್ಬಿಯ ಮೇಲೆ ಗುಲಾಬಿ ಹೂವಿನೊಳಗೆ ಕೂಡಿಸಿದ ವಧೂವರರ ಮುಖ. ಮನೆಯ ಪ್ಲೇಯರ್ ಯಾವತ್ತೋ ಗುಜರಿಗೆ ಹೋಗಿದೆ. ಮನೆಯಲ್ಲಿರುವ ಲ್ಯಾಪ್‌ಟಾಪಿಗೆ ಸಿ.ಡಿ. ಹಾಕುವ ಬಾಯಿಯೇ ಇಲ್ಲ. ಮದುವೆ ನೋಡುವ ಆಸೆ ಹಿರಿಯರಿಗೆ ಅಷ್ಟಾಗಿ ಇರಲಿಲ್ಲ. ಆದರೆ ಆ ತಟ್ಟೆಯ ಕೊನೆಗೆ, ಹೆಣ್ಣು ಒಪ್ಪಿಸುವ ಹೊತ್ತಿನಲ್ಲಿ, ಹುಡುಗಿಯ ಆಯಿ ಹಾಡಿದ್ದಾಳೆ. ಓಣಿಯ ಮದುವೆಗಳಿಗೆಲ್ಲ ಸೋಬಾನ ಪದ ಹೇಳುತ್ತಿದ್ದ ಆಯಿ ಈಗ ಇಲ್ಲ. ಅವಳ ದನಿ ಬೇರೆಲ್ಲೂ ಉಳಿದಿಲ್ಲ. ಅದನ್ನು ಮೊಬೈಲಿನಲ್ಲಿ ಕೇಳುವ ಹಾಗೆ ಮಾಡಿಸಿಕೊಂಡು ಬರಬೇಕೆಂಬುದು ಮಗಳ ಹಟ.

ನಡೆಯುವ ಬೆಳಕು

ಕೋರ್ಟ್ ಸರ್ಕಲ್ ದಾಟಿ ಬಸ್ಸು ಟೋಲ್‌ನಾಕಾದತ್ತ ಇಳಿಯುತ್ತಿದ್ದಾಗ ಮಗಳು ಕೇಳಿದಳು:

“ಅಪ್ಪಾ, ಈ ಸಿ.ಡಿ.ಯೊಳಗ ಎಷ್ಟು ಉದ್ದದ ಗೆರಿ ಐತಿ, ಹೇಳು ನೋಡೂಣು?”

“ಎಷ್ಟಿದ್ದೀತವ್ವಾ, ನಾಕು ಮೊಳ ಇದ್ದೀತು.”

“ಐದು ಕಿಲೋಮೀಟರ್ ಮ್ಯಾಲ!”

ತಂದೆ ನಕ್ಕರು. ಆದರೆ ಮಗಳ ಲೆಕ್ಕ ಸರಿಯಾಗಿತ್ತು. ಸಿ.ಡಿ. ಎಂಬುದು 12 ಸೆಂಟಿಮೀಟರ್ ಅಗಲ, 1.2 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ತಟ್ಟೆ. ಅದರೊಳಗೆ ಜಿಲೇಬಿಯ ಸುರುಳಿಯಂತೆ ಒಂದೇ ಒಂದು ಗೆರೆ ನಡುವಿನಿಂದ ಹೊರಟು ಅಂಚಿನವರೆಗೆ ಸುತ್ತುತ್ತ ಹೋಗುತ್ತದೆ. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವಣ ಅಂತರ 1.6 ಮೈಕ್ರಾನ್, ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಬರೆಯಲು ಬಳಸುವ ಭಾಗದ ವಿಸ್ತೀರ್ಣವನ್ನು ಈ ಅಂತರದಿಂದ ಭಾಗಿಸಿದರೆ ಗೆರೆಯ ಉದ್ದ ಸಿಗುತ್ತದೆ. ಅದು ಸುಮಾರು 5.4 ಕಿಲೋಮೀಟರ್. ನಾಲ್ಕು ಸಿ.ಡಿ.ಗಳ ಗೆರೆಗಳನ್ನು ಬಿಚ್ಚಿ ಜೋಡಿಸಿದರೆ ಧಾರವಾಡದಿಂದ ಹುಬ್ಬಳ್ಳಿ ಮುಟ್ಟಿಯೂ ಸ್ವಲ್ಪ ಉಳಿಯುತ್ತದೆ. ಡಿವಿಡಿಯಲ್ಲಿ ಸುತ್ತುಗಳ ಅಂತರ 0.74 ಮೈಕ್ರಾನ್ ಮಾತ್ರ. ಆದ್ದರಿಂದ ಅದರ ಒಂದು ಪದರದ ಗೆರೆ ಸುಮಾರು 11.6 ಕಿಲೋಮೀಟರ್. ಈ ದಾರಿಗೆ ಎರಡು ಡಿವಿಡಿ ಸಾಕು.

ಇನ್ನೂ ಸೋಜಿಗದ ಸಂಗತಿಯೊಂದಿದೆ. ಹಾಡು ನುಡಿಯುವಾಗ ಅಥವಾ ವಿಸಿಡಿ ಓಡುವಾಗ ಲೇಸರ್ ಬೆಳಕಿನ ಚುಕ್ಕೆ ಈ ಗೆರೆಯ ಮೇಲೆ ಸಾಗುವ ವೇಗ ಸೆಕೆಂಡಿಗೆ ಸುಮಾರು 1.2 ಮೀಟರ್, ಅಂದರೆ ಮನುಷ್ಯ ನಿಧಾನವಾಗಿ ನಡೆಯುವ ವೇಗ. ಜುಬಿಲಿ ವೃತ್ತದಿಂದ ಒಬ್ಬಾತ ನಡೆಯಲು ಶುರು ಮಾಡಿ, ತಟ್ಟೆಯಲ್ಲಿರುವ 74 ನಿಮಿಷ ಮುಗಿಯುವವರೆಗೆ ನಡೆದರೆ ವಿದ್ಯಾಗಿರಿ ದಾಟಿ ಐದು ಕಿಲೋಮೀಟರಿಗಿಂತ ತುಸು ಮುಂದೆ ಇರುತ್ತಾನೆ. ಅಷ್ಟೇ ದೂರವನ್ನು ಬೆಳಕಿನ ಚುಕ್ಕೆ ಅಂಗೈಯಗಲದ ತಟ್ಟೆಯೊಳಗೇ ನಡೆದು ಮುಗಿಸಿರುತ್ತದೆ!

ದಾರಿಯ ತುಂಬ ಸಣ್ಣ ಸಣ್ಣ ಗುಳಿಗಳು. ಗುಳಿಯ ಅಂಚು ಬಂದಾಗ ಮರಳಿ ಬರುವ ಬೆಳಕು ಬದಲಾಗುತ್ತದೆ. ಆ ಬದಲಾವಣೆಯೇ ಒಂದು, ಸೊನ್ನೆಗಳ ಲಿಪಿ. ಅಂಗಡಿಯ ಅಚ್ಚಿನ ಸಿ.ಡಿ.ಯಲ್ಲಿ ಈ ಗುಳಿಗಳನ್ನು ಒತ್ತಿ ಮೂಡಿಸಿರುತ್ತಾರೆ. ಮದುವೆಯ ಸ್ಟುಡಿಯೊದವರು ಕೊಡುವ ಸಿ.ಡಿ.ಯಲ್ಲಿ ಗುಳಿಗಳಿಲ್ಲ, ಬಣ್ಣದ ಒಂದು ತೆಳು ಲೇಪವಿರುತ್ತದೆ, ಲೇಸರಿನಿಂದ ಅದನ್ನು ಅಲ್ಲಲ್ಲಿ ಸುಟ್ಟು ಗುರುತು ಮಾಡಿರುತ್ತಾರೆ. ಬಿಸಿಲು, ಸೆಕೆ, ತೇವಗಳಿಗೆ ಈ ಲೇಪ ಕಾಲಕ್ರಮದಲ್ಲಿ ಕಂದುತ್ತದೆ. ಸಿನಿಮಾ ತಟ್ಟೆಗಿಂತ ಮನೆಯ ತಟ್ಟೆ ಬೇಗ ಕೆಡುವುದಕ್ಕೆ ಇದೇ ಕಾರಣ.

ಮನೆಯಲ್ಲೇ ಮಾಡಿ ನೋಡಬಹುದಾದ ಪ್ರಯೋಗ

ಸತ್ತೂರು, ನವಲೂರು ಹಿಂದಾದವು. ಪೇರಲಕ್ಕೆ ಹೆಸರಾದ ನವಲೂರಿನ ಬಳಿ ಬಿಸಿಲು ಕಿಟಕಿಯೊಳಗೆ ಬಂತು. ಹುಡುಗಿ ತಟ್ಟೆಯನ್ನು ಓರೆ ಮಾಡಿದಳು. ಬಸ್ಸಿನ ಚಾವಣಿಯ ಮೇಲೆ ಕಾಮನಬಿಲ್ಲು ಮೂಡಿತು. ಮುಂದಿನ ಸೀಟಿನ ಕೂಸು ಕೇಕೆ ಹಾಕಿತು.

ಈ ಬಣ್ಣ ಲೇಪದ್ದಲ್ಲ. ಒಂದು ಮಿಲಿಮೀಟರಿನಲ್ಲಿ 625 ಗೆರೆಗಳು ಒತ್ತೊತ್ತಾಗಿ ಇರುವುದರಿಂದ ಬೆಳಕು ವಿವರ್ತನೆಗೊಂಡು ಬಣ್ಣಗಳಾಗಿ ಬೇರ್ಪಡುತ್ತದೆ. ಕೆಂಪು ಲೇಸರ್ ಪಾಯಿಂಟರ್ ಇದ್ದರೆ ವಿದ್ಯಾರ್ಥಿಗಳು ಗೆರೆಯ ಅಂತರವನ್ನು ತಾವೇ ಅಳೆಯಬಹುದು. ಒಂದು ರಟ್ಟಿನ ನಡುವೆ ರಂಧ್ರ ಮಾಡಿ, ಅದರಿಂದ ಒಂದು ಮೀಟರ್ ದೂರದಲ್ಲಿ ಸಿ.ಡಿ.ಯನ್ನು ನೆಟ್ಟಗೆ ನಿಲ್ಲಿಸಿ, ರಂಧ್ರದ ಮೂಲಕ ಬೆಳಕು ಹಾಯಿಸಬೇಕು. 650 ನ್ಯಾನೋಮೀಟರಿನ ಬೆಳಕಾದರೆ ರಂಧ್ರದಿಂದ ಸುಮಾರು 44 ಸೆಂಟಿಮೀಟರ್ ದೂರದಲ್ಲಿ ಎರಡೂ ಪಕ್ಕಕ್ಕೆ ಒಂದೊಂದು ಚುಕ್ಕೆ ಬೀಳುತ್ತದೆ. ಡಿವಿಡಿ ಇಟ್ಟರೆ ಅದೇ ಚುಕ್ಕೆ 180 ಸೆಂಟಿಮೀಟರಿಗೂ ಆಚೆ ಸರಿಯುತ್ತದೆ. ಗೆರೆಗಳು ಹತ್ತಿರವಾದಷ್ಟೂ ಬೆಳಕು ಹೆಚ್ಚು ಬಾಗುತ್ತದೆ ಎಂಬ ಪಾಠ ಇಲ್ಲಿ ಕಣ್ಣಿಗೇ ಕಾಣುತ್ತದೆ. ಲೇಸರನ್ನು, ಅದರ ಪ್ರತಿಫಲನವನ್ನೂ, ಕಣ್ಣಿಗೆ ಬೀಳದಂತೆ ನೋಡಿಕೊಳ್ಳಬೇಕು, ದೊಡ್ಡವರು ಪಕ್ಕದಲ್ಲಿರಬೇಕು.

‘ನೋಡಾಕೋ, ಇಟ್ಟುಕೊಳ್ಳಾಕೋ?’

ನವನಗರ, ಭೈರಿದೇವರಕೊಪ್ಪ, ಉಣಕಲ್ ಕೆರೆ, ವಿದ್ಯಾನಗರ, ಹೊಸೂರು. 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡ ಬಿ.ಆರ್.ಟಿ.ಎಸ್. ವ್ಯವಸ್ಥೆಯ ಈ ಬಸ್ಸಿಗೆ ಈ ಭಾಗದವರು ಜಿಂಕೆಯನ್ನು ಕರೆಯುವ ಹೆಸರನ್ನೇ ಇಟ್ಟಿದ್ದಾರೆ. ಚಿಗರಿ ತನ್ನ ಪ್ರತ್ಯೇಕ ಹಾದಿಯಲ್ಲಿ ಓಡಿ ಬಂದು ಚೆನ್ನಮ್ಮ ವೃತ್ತದ ಬಳಿ ಇಳಿಸಿತು. ಅಲ್ಲಿಂದ ಕೊಪ್ಪಿಕರ ರಸ್ತೆಯ ಗದ್ದಲ ಹಾಯ್ದು, ಒಂದು ಇಕ್ಕಟ್ಟಿನ ಸಂದಿಯೊಳಗಿನ ಅಂಗಡಿ. ಮುಂಗಟ್ಟಿನಲ್ಲಿ ಮೊಬೈಲ್ ಕವರುಗಳು, ಚಾರ್ಜರುಗಳು. ಒಳಗೆ ಒಂದು ಕಂಪ್ಯೂಟರು, ಅದರ ಪಕ್ಕ ಹಳೆಯ ಡಿಸ್ಕ್ ಡ್ರೈವುಗಳ ರಾಶಿ.

ಅಂಗಡಿಯಾತ ತಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡಿ ಕೇಳಿದ ಮೊದಲ ಪ್ರಶ್ನೆ ಇದು:

“ಸರ್, ನಿಮಗ ಮೊಬೈಲ್‌ನ್ಯಾಗ ನೋಡಾಕ ಅಷ್ಟ ಬೇಕೋ, ಇಟ್ಟುಕೊಳ್ಳಾಕೂ ಬೇಕೋ?”

“ಎರಡೂ ಒಂದ ಅಲ್ಲೇನ್ರೀ?”

“ಅಲ್ರೀ. ಎರಡೂ ಬ್ಯಾರೆ.”

ಹಳೆಯ ತಟ್ಟೆಗಳನ್ನು ಮೊಬೈಲಿಗೆ ತರುವ ವಿದ್ಯೆಯ ತಿರುಳೆಲ್ಲ ಈ ಒಂದು ಮಾತಿನಲ್ಲಿದೆ. ಅದನ್ನು ಅರಿಯಬೇಕಾದರೆ ತಟ್ಟೆಯೊಳಗೆ ಚಿತ್ರ ಹೇಗೆ ಕೂತಿದೆ ಎಂಬುದನ್ನು ತಿಳಿಯಬೇಕು.

1982ರಲ್ಲಿ ಬಂದ ಸಿ.ಡಿ. ಹಾಡಿಗಾಗಿ ಹುಟ್ಟಿದ್ದು. 1993ರಲ್ಲಿ ರೂಪುಗೊಂಡ ವಿಸಿಡಿ ಅದೇ ತಟ್ಟೆಯೊಳಗೆ ಚಲಿಸುವ ಚಿತ್ರವನ್ನು ತುಂಬಿತು. ನಮ್ಮ ದೇಶದ ಟಿವಿ ಪದ್ಧತಿಯ ವಿಸಿಡಿ ಚಿತ್ರದಲ್ಲಿ ಅಡ್ಡಡ್ಡ 352, ಉದ್ದುದ್ದ 288, ಅಂದರೆ ಒಟ್ಟು 1,01,376 ಚುಕ್ಕೆಗಳು. ಸೆಕೆಂಡಿಗೆ ಇಂಥ 25 ಚಿತ್ರಗಳು. ಇವನ್ನು ಇದ್ದಂತೆಯೇ ಬರೆದಿಡಲು ಹೋದರೆ 74 ನಿಮಿಷಕ್ಕೆ ಸುಮಾರು 17 ಗಿಗಾಬೈಟ್ ಬೇಕು. ಇಪ್ಪತ್ತಕ್ಕೂ ಹೆಚ್ಚು ಸಿ.ಡಿ.ಗಳಾಗುತ್ತವೆ. ಆದರೆ ಅದು ಒಂದೇ ತಟ್ಟೆಯಲ್ಲಿ ಕೂತಿದೆ. ಹೇಗೆ?

ಶಾಲೆಯ ಹಾಜರಿಯ ಉದಾಹರಣೆ ತೆಗೆದುಕೊಳ್ಳಬಹುದು. ಮೊದಲ ಅವಧಿಗೆ ಮೇಷ್ಟ್ರು ಎಲ್ಲರ ಹೆಸರನ್ನೂ ಕೂಗುತ್ತಾರೆ. ಆಮೇಲೆ ಪ್ರತಿ ಅವಧಿಗೂ ಎಲ್ಲರನ್ನೂ ಕೂಗುವುದಿಲ್ಲ. ಯಾರು ಎದ್ದು ಹೋದರು, ಯಾರು ತಡವಾಗಿ ಬಂದರು ಎಂದಷ್ಟೇ ಬರೆದುಕೊಳ್ಳುತ್ತಾರೆ. ವಿಸಿಡಿಯೂ ಹಾಗೆಯೇ. ಸುಮಾರು ಅರ್ಧ ಸೆಕೆಂಡಿಗೊಮ್ಮೆ ಮಾತ್ರ ಪೂರ್ಣ ಚಿತ್ರವನ್ನು ಬರೆದು, ನಡುವಿನವುಗಳಲ್ಲಿ ಬದಲಾದದ್ದನ್ನಷ್ಟೇ ಗುರುತು ಮಾಡುತ್ತದೆ. ಮಂಟಪ ಅಲ್ಲೇ ಇದೆ, ಗೋಡೆ ಅಲ್ಲೇ ಇದೆ. ಅಕ್ಷತೆ ಎರಚಿದ ಕೈ ಮಾತ್ರ ಅಲುಗಿದೆ. ಇದರ ಜೊತೆಗೆ, ಕಣ್ಣಿಗೆ ಅಷ್ಟಾಗಿ ಕಾಣದ ನವಿರು ವಿವರಗಳನ್ನು ಬಿಟ್ಟೇಬಿಡುತ್ತದೆ. ಹೀಗೆ ಚಿತ್ರ ಇಪ್ಪತ್ತಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಬಿಟ್ಟದ್ದು ಮತ್ತೆ ಬರುವುದಿಲ್ಲ.

ಮೊಬೈಲಿಗೆಂದು ರೂಪ ಬದಲಿಸುವಾಗ ಈ ಬಿಡುವ ಕೆಲಸ ಎರಡನೆಯ ಸಲ ನಡೆಯುತ್ತದೆ. ಗೆಳೆಯನ ನೋಟ್ಸನ್ನು ಇನ್ನೊಬ್ಬ ಸಂಕ್ಷೇಪಿಸಿ, ಆ ಸಂಕ್ಷೇಪವನ್ನು ಮತ್ತೊಬ್ಬ ಸಂಕ್ಷೇಪಿಸಿದಂತೆ! ಅದಕ್ಕೇ ಅಂಗಡಿಯಾತ ಹೇಳಿದ್ದು ಎರಡೂ ಬೇರೆ ಎಂದು. ಇಟ್ಟುಕೊಳ್ಳಲು ತಟ್ಟೆಯಲ್ಲಿದ್ದ ಕಡತವನ್ನು ಒಂದು ಅಂಕಿಯೂ ಬದಲಾಗದಂತೆ ನಕಲು ಮಾಡಬೇಕು. ವಿಸಿಡಿಯಲ್ಲಿ ಅದು ‘ಡಾಟ್’ ಎಂಬ ಬಾಲದ ಹೆಸರಿನ ದೊಡ್ಡ ಕಡತ, ಡಿವಿಡಿಯಲ್ಲಿ ‘ವಾಬ್’ ಎಂಬ ಬಾಲದ, ಒಂದೊಂದು ಗಿಗಾಬೈಟಿನವರೆಗಿನ ಕಡತಗಳು. ನೋಡಲು ಮಾತ್ರ ಆ ನಕಲಿನಿಂದ ಬೇರೊಂದು ‘ಎಂಪಿ4’ ಪ್ರತಿ ಮಾಡಿಕೊಳ್ಳಬೇಕು. ಅದು ಯಾವ ಮೊಬೈಲಿನಲ್ಲೂ ಓಡುತ್ತದೆ. ಮೊದಲನೆಯದು ಬೀಜದ ಕಾಳು, ಎರಡನೆಯದು ಅಡುಗೆಯ ಅನ್ನ.

ಕಾಯುವ ಹೊತ್ತು

ಹಳೆಯ ತಟ್ಟೆ, ನಿಧಾನವಾಗಿ ಓದಿಸಬೇಕು, ಒಂದೂವರೆ ತಾಸು ಬಿಟ್ಟು ಬನ್ನಿ ಎಂದ ಮೇಲೆ ತಂದೆ ಮಗಳು ದುರ್ಗದಬೈಲಿಗೆ ನಡೆದರು. ಸಂಜೆಯ ದುರ್ಗದಬೈಲಿನಲ್ಲಿ ಗಿರಮಿಟ್ಟು, ಮಿರ್ಚಿಯ ವಾಸನೆಗೆ ಹಸಿವೆ ಇಲ್ಲದವರಿಗೂ ಹಸಿವೆಯಾಗುತ್ತದೆ.

ಈ ಪೇಟೆ ಚಿತ್ರದ ಎಷ್ಟೋ ರೂಪಗಳನ್ನು ಕಂಡಿದೆ. ರೀಲಿನ ಕಾಲದಲ್ಲಿ ಎರಡೂವರೆ ತಾಸಿನ ಸಿನಿಮಾ ಎಂದರೆ ಸುಮಾರು 13,500 ಅಡಿ, ಅಂದರೆ ನಾಲ್ಕು ಕಿಲೋಮೀಟರಿಗೂ ಮಿಕ್ಕಿದ ಫಿಲ್ಮು ಭಾರದ ಡಬ್ಬಿಗಳಲ್ಲಿ ಊರಿಂದೂರಿಗೆ ಹೋಗುತ್ತಿತ್ತು. ಆಮೇಲೆ ವಿಡಿಯೊ ಕ್ಯಾಸೆಟ್ಟು, ಅದರ ಹಿಂದೆಯೇ ಬಾಡಿಗೆಯ ವಿಸಿಡಿ. 2007ರಲ್ಲಿ ಮೋಸರ್ ಬೇರ್ ಕಂಪನಿ ಮೂವತ್ತು ರೂಪಾಯಿಯ ಆಸುಪಾಸಿನಲ್ಲಿ ಸಿನಿಮಾ ತಟ್ಟೆಗಳನ್ನು ಮಾರತೊಡಗಿದಾಗ, ಬಾಡಿಗೆಗೆ ತರುವುದಕ್ಕಿಂತ ಕೊಳ್ಳುವುದೇ ಲೇಸೆನಿಸಿತು. ಅದೇ ಕಂಪನಿ 2018ರಲ್ಲಿ ಸಮಾಪನಕ್ಕೆ ಹೋಯಿತು. ತಟ್ಟೆಯ ಯುಗ ಎಷ್ಟು ಬೇಗ ಬಂದಿತೋ ಅಷ್ಟೇ ಬೇಗ ಸರಿಯಿತು.

ತಟ್ಟೆಯಿಂದ ಕೈಫೋನಿಗೆ ಚಿತ್ರ ಇಳಿಸುವ ಹುಚ್ಚು ಶುರುವಾದಾಗ ಕಷ್ಟ ಬೇರೆಯದೇ ಆಗಿತ್ತು. 2003ರ ನೋಕಿಯಾ 6600ರ ಪರದೆಯಲ್ಲಿ ಇದ್ದದ್ದು 176 ಅಡ್ಡ, 208 ಉದ್ದ ಚುಕ್ಕೆಗಳು. 2005ರ ಐಪಾಡಿನಲ್ಲಿ 320 ಮತ್ತು 240. ಅಂದು ತಟ್ಟೆಯ ಚಿತ್ರ ದೊಡ್ಡದು, ಕೈಯ ಪರದೆ ಸಣ್ಣದು. ಹಿಂಡಿ ಕಿರಿದು ಮಾಡದೆ ಗತಿಯಿರಲಿಲ್ಲ. ಇಂದು ಸಾಮಾನ್ಯ ಮೊಬೈಲಿನ ಪರದೆಯಲ್ಲೂ 1080 ಮತ್ತು 2400, ಅಂದರೆ ಸುಮಾರು 26 ಲಕ್ಷ ಚುಕ್ಕೆಗಳಿರುವುದುಂಟು. ವಿಸಿಡಿಯಲ್ಲಿರುವುದು ಒಂದೇ ಲಕ್ಷ. ಪರದೆ ತುಂಬ ಹಿಗ್ಗಿಸಿದರೆ ಮುಖಗಳು ಮಸುಕಾಗುತ್ತವೆ. ಇಲ್ಲದ ವಿವರವನ್ನು ಹಿಗ್ಗಿಸುವಿಕೆ ಸೃಷ್ಟಿಸಲಾರದು. ಆದ್ದರಿಂದ ಈಗ ಹಿಂಡುವ ಅಗತ್ಯವೇ ಉಳಿದಿಲ್ಲ. ಸೆಕೆಂಡಿಗೆ ಎರಡು ಮೆಗಾಬಿಟ್ ಎಂದು ಇಟ್ಟುಕೊಂಡರೂ ಒಂದು ತಾಸಿನ ಚಿತ್ರ 900 ಮೆಗಾಬೈಟ್ ಆಗುತ್ತದೆ, ಅಷ್ಟೇ.

ಇನ್ನೆರಡು ಎಚ್ಚರಿಕೆಗಳು. ಆ ಕಾಲದ ಚಿತ್ರದ ಚೌಕಟ್ಟು ನಾಲ್ಕಕ್ಕೆ ಮೂರರ ಅಳತೆಯದು. ಅದನ್ನು ಮೊಬೈಲಿನ ಉದ್ದ ಪರದೆಗೆ ಎಳೆದು ತುಂಬಿಸಿದರೆ ತೆಳ್ಳಗಿನ ಕಾಕಾನೂ ದಪ್ಪಗೆ ಕಾಣುತ್ತಾನೆ. ಎರಡೂ ಬದಿಗೆ ಕಪ್ಪು ಪಟ್ಟಿ ಉಳಿದರೆ ಉಳಿಯಲಿ, ಮುಖ ಮುಖವಾಗಿರಲಿ. ಇನ್ನು ಡಿವಿಡಿಯಲ್ಲಿರುವ ಕ್ಯಾಮೆರಾ ಚಿತ್ರಗಳಲ್ಲಿ ಒಂದೊಂದು ಚಿತ್ರವೂ ಬೆಸ ಗೆರೆ, ಸಮ ಗೆರೆ ಎಂದು ಎರಡು ಅರ್ಧಗಳಾಗಿರುತ್ತದೆ. ಅವನ್ನು ಸರಿಯಾಗಿ ಬೆಸೆಯದಿದ್ದರೆ ಕೈ ಬೀಸಿದಾಗಲೆಲ್ಲ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಏಳುತ್ತವೆ. ರೂಪ ಬದಲಿಸುವ ತಂತ್ರಾಂಶದಲ್ಲಿ ಇದಕ್ಕೆ ಪ್ರತ್ಯೇಕ ಆಯ್ಕೆ ಇರುತ್ತದೆ.

“ಹಂಗಾರ ಮನ್ಯಾಗಿನ ಸಿನಿಮಾ ಸಿ.ಡಿ.ಗಳನ್ನೂ ತಂದ್ರ ಆಗ್ತಿತ್ತಲ್ಲ?” ಎಂದು ತಂದೆ ಗಿರಮಿಟ್ಟು ಮೆಲ್ಲುತ್ತ ಕೇಳಿದರು. ಇಲ್ಲಿ ಸ್ವಲ್ಪ ತಡೆಯಬೇಕು. ಮನೆಯ ಮದುವೆ ಮನೆಯವರದು, ಸಿನಿಮಾ ಹಾಗಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಖಾಸಗಿ ಬಳಕೆಗೆ ನ್ಯಾಯೋಚಿತ ಅವಕಾಶವನ್ನು ಕೊಟ್ಟಿದೆ. ಆದರೆ ಪ್ರತಿ ಮಾಡಿ ಮಾರುವುದು, ಹಂಚುವುದು ಅಪರಾಧ; 63ನೆಯ ಕಲಮಿನಂತೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸವಿದೆ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ತಟ್ಟೆಯ ಬೀಗ ಒಡೆಯುವುದನ್ನೂ 2012ರ ತಿದ್ದುಪಡಿ ಶಿಕ್ಷಾರ್ಹಗೊಳಿಸಿದೆ. ಅಷ್ಟಕ್ಕೂ ಸಿನಿಮಾದ ಪ್ರತಿಗಳು ಸಾವಿರಾರು ಮನೆಗಳಲ್ಲಿ ಇರುತ್ತವೆ. ಆಯಿಯ ಹಾಡು ಇರುವುದು ಒಂದೇ ತಟ್ಟೆಯಲ್ಲಿ.

ಚೌಕಳಿಯಾದ ಹಾಡು

ಮರಳಿ ಬಂದಾಗ ಅಂಗಡಿಯಾತನ ಮುಖ ಅಷ್ಟು ಗೆಲುವಾಗಿರಲಿಲ್ಲ. ಮೊದಲ ತಟ್ಟೆ ಪೂರ್ತಿ ಬಂದಿತ್ತು. ಎರಡನೆಯದು ಕೊನೆಗೆ ತಡವರಿಸಿತ್ತು.

“ಒಳಗಿಂದ ಹೊರಗ ಓದ್ತೈತ್ರಿ ಇದು. ಕೊನೀ ಭಾಗ ಅಂಚಿನ್ಯಾಗ ಇರ್ತೈತಿ. ಎಲ್ಲಾರೂ ಹಿಡಿಯೂದು ಅಲ್ಲೇ, ಗೀರು ಬೀಳೂದೂ ಅಲ್ಲೇ.”

ಮೂರು ಬೇರೆ ಡ್ರೈವುಗಳಲ್ಲಿ, ವೇಗ ತಗ್ಗಿಸಿ, ಮತ್ತೆ ಮತ್ತೆ ಓದಿಸಿದ್ದ. ಬಂದಷ್ಟು ಬಂದಿತ್ತು. ಪರದೆಯ ಮೇಲೆ ಆಯಿ ಕಾಣಿಸಿಕೊಂಡಳು: ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಒಂದು ಕೈ ಮಗಳ ಬೆನ್ನ ಮೇಲೆ. ಹಾಡು ಶುರುವಾಯಿತು. ಎರಡು ನುಡಿ ಸರಾಗ. ಮೂರನೆಯದಕ್ಕೆ ಮುಖ ಚೌಕ ಚೌಕವಾಗಿ ಒಡೆಯಿತು, ದನಿ ಕತ್ತರಿಸಿತು, ಕೂಡಿತು, ಮತ್ತೆ ಕತ್ತರಿಸಿತು. ನಾಲ್ಕನೆಯ ನುಡಿಗೆ ಚಿತ್ರ ನಿಂತೇ ಹೋಯಿತು.

ಹುಡುಗಿ ಸುಮ್ಮನೆ ನೋಡುತ್ತ ನಿಂತಳು.

ಈ ಒಡಕಿಗೂ ಕಾರಣವಿದೆ. ಲೆಕ್ಕಪತ್ರ ತುಂಬಿಡುವ ಸಿ.ಡಿ.ಯಲ್ಲಿ, ಗೀರು ಬಿದ್ದ ಜಾಗದ ಅಕ್ಷರಗಳನ್ನು ಲೆಕ್ಕ ಹಾಕಿ ಮರಳಿ ಪಡೆಯಲು ಹೆಚ್ಚುವರಿ ಅಂಕಿಗಳ ಕಾವಲಿರುತ್ತದೆ. ವಿಸಿಡಿಯಲ್ಲಿ ಚಿತ್ರಕ್ಕೆ ಹೆಚ್ಚು ಜಾಗ ಸಿಗಲೆಂದು ಆ ಕಾವಲಿನ ಒಂದು ಪದರವನ್ನು ಬಿಟ್ಟುಕೊಟ್ಟಿದ್ದಾರೆ. ಚಿತ್ರವನ್ನು ಸಣ್ಣ ಚೌಕಗಳಾಗಿ ಭಾಗಿಸಿ ಬರೆದಿರುವುದರಿಂದ ಕೆಟ್ಟಾಗ ಚೌಕಗಳಾಗಿಯೇ ಕೆಡುತ್ತದೆ. ಹಾಜರಿಯ ಮೊದಲ ಅವಧಿಯ ಪುಟವೇ ಹರಿದರೆ ಮುಂದಿನ ಅವಧಿಗಳ ಟಿಪ್ಪಣಿಗೆ ಅರ್ಥವಿಲ್ಲ. ಹಾಗೆಯೇ ಒಂದು ಪೂರ್ಣ ಚಿತ್ರ ಕೆಟ್ಟರೆ ಮುಂದಿನ ಪೂರ್ಣ ಚಿತ್ರದವರೆಗೆ ಎಲ್ಲವೂ ಕೆಡುತ್ತದೆ. ಹಳೆಯ ಕ್ಯಾಸೆಟ್ಟು ಮಸುಕಾಗುತ್ತ ಮಸುಕಾಗುತ್ತ ಮುದಿಯಾಗುತ್ತಿತ್ತು. ತಟ್ಟೆ ಹಾಗಲ್ಲ, ಸರಿಯಿದ್ದಷ್ಟು ದಿನ ಪೂರ್ತಿ ಸರಿಯಿರುತ್ತದೆ. ಕೈಕೊಟ್ಟ ದಿನ ಮುನ್ಸೂಚನೆ ಕೊಡುವುದಿಲ್ಲ.

ಮನೆಯಲ್ಲಿ ಇಂಥ ತಟ್ಟೆಗಳಿರುವವರು ಈ ರಜೆಯಲ್ಲೇ ಅವನ್ನು ಹೊರತೆಗೆಯುವುದು ಒಳ್ಳೆಯದು. ಒರೆಸುವಾಗ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತಲೂ ತಿಕ್ಕಬಾರದು. ಸಿ.ಡಿ.ಯ ಹೆಸರು ಬರೆದ ಮೇಲ್ಮೈಯೇ ಹೆಚ್ಚು ನಾಜೂಕು. ಪ್ರತಿಫಲಿಸುವ ಪದರ ಅದರ ಕೆಳಗೇ ಇರುವುದರಿಂದ ಅಲ್ಲಿ ಚೂಪಾದ ಪೆನ್ನು ಆಡಿಸಬಾರದು. ನಕಲಾದ ಮೂಲ ಕಡತವನ್ನು ಎರಡು ಬೇರೆ ಬೇರೆ ಸಾಧನಗಳಲ್ಲಿ ಇಟ್ಟು, ಮೂರನೆಯ ಪ್ರತಿಯೊಂದನ್ನು ಬೇರೆ ಊರಿನ ಬಂಧುಗಳ ಮನೆಯಲ್ಲಿ ಇಡಬೇಕು. ಕಡತದ ಹೆಸರಿನಲ್ಲೇ ಯಾರದು, ಎಲ್ಲಿ, ಯಾವ ವರ್ಷ ಎಂದು ಬರೆಯಬೇಕು.

ಚಿಗರಿ ಧಾರವಾಡಕ್ಕೆ ಮರಳುವಾಗ ಕತ್ತಲಾಗಿತ್ತು. ಉಣಕಲ್ ಕೆರೆಯ ದಂಡೆಯ ದೀಪಗಳು ನೀರಿನಲ್ಲಿ ಅಲುಗುತ್ತಿದ್ದವು. ಹುಡುಗಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅದೇ ಎರಡು ನುಡಿಗಳನ್ನು ಮತ್ತೆ ಮತ್ತೆ ಕೇಳಿದಳು.

ರಾತ್ರಿ ಊಟವಾದ ಮೇಲೆ ತಾಯಿ ಮೊಬೈಲನ್ನು ಕೈಯಲ್ಲಿ ಹಿಡಿದು ನೋಡಿದರು. “ಅವ್ವ ಎಷ್ಟು ಗಟ್ಟಿ ಇದ್ಳು ನೋಡ್ರಿ ಆವಾಗ” ಎಂದರು. ಹಾಡು ಮೂರನೆಯ ನುಡಿಗೆ ಬಂತು, ಮುಖ ಚೌಕಳಿಯಾಯಿತು, ದನಿ ಕಡಿಯಿತು. ತಾಯಿ ಕಣ್ಣೊರೆಸಿಕೊಂಡು, ಕಡಿದ ಜಾಗದಿಂದ ಮುಂದಕ್ಕೆ ತಾವೇ ಮೆಲ್ಲಗೆ ಹಾಡತೊಡಗಿದರು. ಮೂರನೆಯ ನುಡಿ ಪೂರ್ತಿಯಾಯಿತು. ನಾಲ್ಕನೆಯದೂ ಬಂತು. ಐದನೆಯದು ಇತ್ತೆಂದು ಮನೆಯಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ.

ಮಗಳು ಸದ್ದಿಲ್ಲದೆ ತಂದೆಯ ಮೊಬೈಲು ತೆಗೆದುಕೊಂಡು ಧ್ವನಿಮುದ್ರಣದ ಗುಂಡಿ ಒತ್ತಿದಳು.